ನೀಲಾಂಬಿಕೆಯ ಕಾಲ್ಗುಣ

ನೀಲಾಂಬಿಕೆ ಪೆಪ್ಪರ್‌ಮೆಂಟಿನ ತಟ್ಟೆ ಹಿಡಿದು ಕಾಕ್‌ಪಿಟ್ಟಿನಿಂದ ಆಚೆ ಹೋಗಿ ಒಂದು ನಿಮಿಷವೂ ಆಗಿರಲಿಲ್ಲ, ವಿಮಾನ ಮೂತಿ ಎತ್ತಿತು. ಹಿಂದೆ ಹೇರು ಹೆಚ್ಚಾದ ಎತ್ತಿನಗಾಡಿ ನೊಗ ಎತ್ತುತ್ತದಲ್ಲ, ಹಾಗೆ.

ಕ್ಯಾಪ್ಟನ್ ಚಲುವರಾಜು ಹಿಡಿಕೆಯನ್ನು ಮುಂದಕ್ಕೆ ಒತ್ತಿದರು. ಮೂತಿ ಇಳಿಯಿತು. ಕೈ ಸಡಿಲಿಸಿದರು. ಮತ್ತೆ ಎದ್ದಿತು.

"ನೀಲಾಂಬಿಕೆ! ಬಾಮ್ಮಾ ಒಳಕ್ಕೆ!"

ಬಾಗಿಲಾಚೆಯ ಗೂಡಿಗೆ ಮುಖಮಾಡಿ ತಟ್ಟೆಗೆ ಪೆಪ್ಪರ್‌ಮೆಂಟ್ ಸುರಿದುಕೊಳ್ಳುತ್ತಿದ್ದ ಅವಳು ಅದನ್ನು ಮೊದಲ ಸಾಲಿನ ಸೀಟಿನ ಮೇಲಿಟ್ಟು ಓಡಿಬಂದಳು.

ಅದು ೧೯೯೭. ಗೊಬ್ಬರದ ಕಂಪನಿಯೊಂದು ಬೆಟ್ಟದಪುರದ ಹತ್ತು ಮಂದಿ ಹೊಗೆಸೊಪ್ಪಿನ ಬೆಳೆಗಾರರಿಗೆ ವಿಮಾನಯಾನದ ಬಹುಮಾನ ಕೊಟ್ಟಿತ್ತು. ಮೈಸೂರಿನಲ್ಲಿ ಹತ್ತುವುದು, ಹುಣಸೂರು, ತಮ್ಮೂರು, ಕಬಿನಿಯ ಬೀಚನಹಳ್ಳಿ ಅಣೆಕಟ್ಟು ಎಲ್ಲವನ್ನೂ ಮೇಲಿಂದ ನೋಡಿ ಮೈಸೂರಿನಲ್ಲೇ ಇಳಿಯುವುದು. ಇಪ್ಪತ್ತು ಸೀಟಿನ ಬಾಡಿಗೆ ವಿಮಾನ. ಗಗನಸಖಿಗೆ ಸಂಬಳ ಕೊಡುವ ಧಾರಾಳತನ ಅದರ ಮಾಲೀಕರಿಗಿರಲಿಲ್ಲ. ಹಾಗಾಗಿ ಪೆಪ್ಪರ್‌ಮೆಂಟ್ ಹಂಚುವುದೂ ಸಹಪೈಲಟ್ ಪಾಲಿಗೇ ಬಂದಿತ್ತು.

ಹತ್ತು ಮಂದಿಯನ್ನೂ ಕ್ಯಾಪ್ಟನ್ನರೇ ಕೈಹಿಡಿದು ಹತ್ತಿಸಿ, ಮುಂದಿನ ಐದು ಸಾಲುಗಳಲ್ಲಿ ಕೂರಿಸಿ, ಬೆಲ್ಟು ಹಾಕುವುದು ಬಿಚ್ಚುವುದು ಎರಡನ್ನೂ ಕಲಿಸಿದ್ದರು. ಆಗ ನೀಲಾಂಬಿಕೆ ಕೆಳಗೆ ಇಂಧನದ ಲಾರಿಯ ಹತ್ತಿರವಿದ್ದಳು. ರೈತರು ಯಾಕೋ ಸಪ್ಪಗಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲರೆದುರು ಉಗಿದಿದ್ದನಂತೆ.

ಕೆ.ಆರ್. ನಗರದ ನೀಲಾಂಬಿಕೆಗೆ ಅದು ಆರು ತಿಂಗಳ ಪರೀಕ್ಷಾವಧಿಯ ಕೊನೆಯ ದಿನ. ಕೆಲಸ ಕಾಯಮ್ಮೋ ಮನೆಗೋ, ಸಂಜೆ ಕ್ಯಾಪ್ಟನ್ ಬರೆಯುವ ವರದಿಯಲ್ಲಿತ್ತು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಚಲುವರಾಜು ಒಳ್ಳೆಯ ಪೈಲಟ್ಟೇ. ಆದರೆ ಬೆಕ್ಕು ಅಡ್ಡ ಬಂದರೆ ರನ್‌ವೇಯಲ್ಲೂ ನಿಂತು ಹೋಗುವ ಮನುಷ್ಯ.

"ಯಾರಾರ ಎದ್ದು ಓಡಾಡ್ತಾವ್ರಾ, ನೋಡು."

ನೀಲಾಂಬಿಕೆ ಬಾಗಿಲು ಸರಿಸಿ ಇಣುಕಿದಳು. "ಇಲ್ಲ ಸರ್. ಎಲ್ಲರೂ ಕೂತಿದ್ದಾರೆ. ಬೆಲ್ಟೂ ಹಾಕ್ಕೊಂಡಿದ್ದಾರೆ."

"ಹಂಗಾರೆ ಯಂತ್ರದ್ದೇ ದೋಷ. ಕಿಟಕೀಲಿ ರೆಕ್ಕೆ ನೋಡ್ಕಂಡು ಬಾ."

ಅವಳು ಹೋಗಿ ಮುಂದಿನ ಕಿಟಕಿಗೆ ಮುಖ ಒತ್ತಿ ನಿಂತಳು. ರೆಕ್ಕೆ ಸರಿಯಾಗಿಯೇ ಇತ್ತು. ಬೆನ್ನ ಹಿಂದೆ ಗುಸುಗುಸು, ಬೆಲ್ಟುಗಳ ಟಕ್ ಟಕ್ ಸದ್ದು. ಪಾಪ, ಹೆದರಿ ಬಿಗಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಳು. ಅಷ್ಟರಲ್ಲಿ ವಿಮಾನ ಮೊದಲಿಗಿಂತ ಜೋರಾಗಿ ಮೂತಿ ಎತ್ತಿತು.

ಮೂರನೆಯ ಸಲ ಹೋದದ್ದು ದೋಷಗಳ ಪುಸ್ತಕ ತರಲು. ಅದು ಬಾಗಿಲಾಚೆಯ ಗೂಡಿನಲ್ಲಿತ್ತು. ಅಲ್ಲೇ ನಿಂತು ಪುಟ ಹುಡುಕಿದಳು. ಹುಡುಕಿ ಮುಗಿಸುವಷ್ಟರಲ್ಲಿ ಕ್ಯಾಪ್ಟನ್ ಹಿಡಿಕೆಗೆ ಮೊಣಕಾಲನ್ನೂ ಕೊಟ್ಟಿದ್ದರು.

"ನೀನು ಆಚೆಗೆ ಕಾಲಿಟ್ಟಾಗ್ಲೆಲ್ಲ ಏಳ್ತದೆ ಕಣಮ್ಮ!"

"ಸರ್, ನನ್ನ ಕಾಲಿಗೂ ವಿಮಾನಕ್ಕೂ ಏನು ಸಂಬಂಧ?"

"ಮೂರು ಸಲ ಆಯ್ತು. ಎಣ್ಸಿದೀನಿ. ಇನ್ನು ಅಲ್ಲಾಡ್ಬೇಡ, ಕೂತ್ಕೊ."

ಕೆಳಗೆ ಕಬಿನಿಯ ನೀರು ಥಳಥಳಿಸುತ್ತಿತ್ತು. ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ನಾಲ್ಕು ಕೈ ಸೇರಿಸಿ ಒತ್ತಿಕೊಂಡೇ ಮೈಸೂರು ತಲುಪಿದರು. ನೀಲಾಂಬಿಕೆ ಮನಸ್ಸಿನಲ್ಲೇ ಚಾಮುಂಡಿಗೆ ಎರಡು ತೆಂಗಿನಕಾಯಿ ಹೇಳಿಕೊಂಡಳು. ಬಾಲ ನೆಲಕ್ಕೆ ತಗಲಲು ಒಂದು ಗೇಣು ಉಳಿದಿರುವಾಗ ವಿಮಾನ ಇಳಿಯಿತು. ರೈತರು ಚಪ್ಪಾಳೆ ತಟ್ಟಿ, ಬಾಲದ ಹತ್ತಿರದ ಬಾಗಿಲಿನಿಂದ ಸರಸರನೆ ಇಳಿದುಹೋದರು. ಪೆಪ್ಪರ್‌ಮೆಂಟಿನ ತಟ್ಟೆ ಇಟ್ಟ ಸೀಟಿನಲ್ಲೇ ಇತ್ತು.

ಮೆಕ್ಯಾನಿಕ್ ಶಿವಣ್ಣ ಒಂದು ಗಂಟೆ ವಿಮಾನದ ಹೊಟ್ಟೆಯೊಳಗೆ ತಲೆ ತೂರಿಸಿದ್ದ. "ಒಂದು ನಟ್ಟೂ ಸಡ್ಲ ಇಲ್ಲ ಸಾ. ಬೆಣ್ಣೆ ಇದ್ದಂಗೈತೆ."

ಕ್ಯಾಪ್ಟನ್ನರಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಶೆಡ್ಡಿನಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು ವರದಿಯ ಹಾಳೆ ತೆಗೆದರು. ನೀಲಾಂಬಿಕೆ ಎದುರಿಗೆ ನಿಂತಿದ್ದಳು. 'ಮೂರು ಸಲ ಹೊರಗೆ ಹೋದರು. ಮೂರು ಸಲವೂ ವಿಮಾನ ಹಿಡಿತ ತಪ್ಪಿತು. ಆದ್ದರಿಂದ ಇವರನ್ನು ಕಾಯಂ' ಎಂದು ಬರೆದು ಪೆನ್ನು ಒದರಿದರು. ಮುಂದಿನ ಪದ ಅವಳಿಗೆ ಗೊತ್ತಿತ್ತು. ಆರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಳಿಗೆ ಅಳುವೇ ಬಂತು.

ಆಗ ರೈತರ ಮುಖಂಡ ಚಿಕ್ಕಣ್ಣ ಮುಖ ಊದಿಸಿಕೊಂಡು ಒಳಗೆ ಬಂದ.

"ಸಾಯೇಬ್ರೇ, ಒಂದು ದೂರು ಐತೆ. ಬೆಳಿಗ್ಗೆ ಬಸ್ಸಲ್ಲಿ ಲೇಡೀಸ್ ಸೀಟಲ್ಲಿ ಕುಂತಿದ್ವಿ ಅಂತ ಕಂಡಕ್ಟ್ರು ಮಾನ ಕಳ್ದ. ಸರಿ, ತಪ್ಪು ನಮ್ದೇ ಬುಡಿ. ಅದ್ಕೇ ಇಲ್ಲಿ ಈಯಮ್ಮ ಬಂದು ನಿಂತೇಟ್ಗೆ ಮುಂದ್ಲ ನಾಕು ಜನ ಎದ್ದು ಕೊನೇ ಎರಡು ಸಾಲ್ಗೋಗಿ ಕುಂತೋ. ಈಯಮ್ಮ ಕೂರ್ಲಿಲ್ಲ. ಎರಡ್ನೇ ಸಲ ಇನ್ನೂ ನಾಕು ಜನ ಜರುಗ್ದೋ. ಆಗ್ಲೂ ಕೂರ್ಲಿಲ್ಲ. ಕೊನೆಗೆ ಹತ್ತೂ ಜನ ಬಾಲದ ತಾವ ಮುದುರ್ಕಂಡೋ. ಅಷ್ಟು ಸೀಟು ಖಾಲಿ ಮಾಡ್ಕೊಟ್ರೂ ಕೂರ್ದೇ ಇರಾಕೆ ನಾವೇನು ಕೆಟ್ಟೋರಾ, ಕೇಳಿ!"

ಶಿವಣ್ಣ ಹೊರಗೆ ನಿಂತಿದ್ದ ವಿಮಾನದ ಬಾಲದ ಕಡೆ ನೋಡಿದ.

ಕ್ಯಾಪ್ಟನ್ ಚಲುವರಾಜು ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡರು. ಹೊಸ ಹಾಳೆಯನ್ನೂ ಪೆನ್ನನ್ನೂ ನೀಲಾಂಬಿಕೆಯ ಕೈಗೆ ಕೊಟ್ಟು, ಕುರ್ಚಿಯಿಂದ ಎದ್ದು ನಿಂತರು.

"ಕೂತ್ಕೊಮ್ಮ. ಈ ಸಲ ವರದಿ ನೀನೇ ಬರಿ."