ನಲವತ್ತು ಸಲ ಬಿದ್ದವಳು

ಹನ್ನೆರಡನೇ ಸಲವೂ ಶೀಲಾ ಹತ್ತಿ ದಿಂಬಿನಂತೆ ಹಾರಿಬಿದ್ದಾಗ ಶಾಂಭವಿಗೆ ಸಿಟ್ಟು ನೆತ್ತಿಗೇರಿತು.

“ಯಾಕ್ ಜಿಗಿತೀ ಲೇ? ಗಟ್ಟಿಯಾಗಿ ನಿಂದ್ರು!”

“ನಿಂತೇ ಅದೀನಿ. ಒಗಿ,” ಎಂದಳು ಶೀಲಾ, ಮುಖ ನೋಡದೆ.

ಬಳ್ಳಾರಿಯ ಆ ಜೂಡೊ ಹಾಲ್‌ನಲ್ಲಿ ಪದ್ಧತಿ ಒಂದೇ. ಪೂರ್ತಿ ಎತ್ತಿ ಒಗೆಯುವ ಅಭ್ಯಾಸದಲ್ಲಿ ಜೊತೆಗಾರ್ತಿ ಅಡ್ಡಿ ಮಾಡುವಂತಿಲ್ಲ. ಮೈ ಸಡಿಲ ಬಿಟ್ಟು ಬೀಳಬೇಕು. ಬೀಳಲಿ, ಬೇಡವೆಂದವರಾರು? ಆದರೆ ತಾನಾಗಿಯೇ ಹಾರಿದರೆ ಒಗೆಯುವವಳಿಗೆ ತನ್ನ ಪಟ್ಟು ಸರಿಯೋ ತಪ್ಪೋ ತಿಳಿಯುವುದು ಹೇಗೆ? ಶೀಲಾ ತೂಕದಲ್ಲಿ ಹತ್ತು ಕಿಲೊ ಹೆಚ್ಚು, ಅವಳ ಗುಂಪೇ ಬೇರೆ. ಅಂಥವಳು ಇಷ್ಟು ಹಗುರವಾಗಿ ಹೋಗುತ್ತಾಳೆಂದರೆ ಯಾರು ನಂಬಬೇಕು?

ಕಾರಣ ಶಾಂಭವಿಗೆ ಗೊತ್ತಿತ್ತು. ನಾಳೆ ರಾಜ್ಯ ತಂಡದ ಆಯ್ಕೆ. ತನ್ನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಎದುರಾಳಿ ಹಚ್ಚೊಳ್ಳಿಯ ಪಂಪಾವತಿ, ಇದೇ ಶೀಲಾಳ ಒಡಹುಟ್ಟಿದ ತಂಗಿ. ತಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು ಇವಳ ನಾಟಕ ನೋಡಲಿಕ್ಕೇ?

“ತಂಗಿ ಸಲುವಾಗಿ ಮೋಸ ಮಾಡಾಕತ್ತೀ ಹೌದಿಲ್ಲೋ?” ಶಾಂಭವಿ ಅವಳ ಕಾಲರ್ ಹಿಡಿದು ಜಗ್ಗಿದಳು.

ಶೀಲಾಳ ಮುಖ ಕೆಂಪಾಯಿತು. “ಮಾತು ಬ್ಯಾಡ. ಇನ್ನೊಮ್ಮೆ ಒಗಿ.”

ಒಗೆದಳು. ಹಲ್ಲು ಕಡಿದು ಒಗೆದಳು. ನಲವತ್ತು ಮುಗಿಯುವಷ್ಟರಲ್ಲಿ ಶೀಲಾಳ ಕಾಲ್ಬೆರಳ ಉಗುರು ಕಿತ್ತುಹೋಗಿತ್ತು, ಅವಳ ಕಾಲಡಿಯ ಮ್ಯಾಟು ಸರಿದು ಸಂದು ಬಿಟ್ಟಿತ್ತು, ಅಂಗಿ ಹಿಂಡುವಷ್ಟು ತೊಯ್ದಿತ್ತು. ನಾಟಕಕ್ಕೂ ಬೆವರು ಸುರಿಸುತ್ತಾಳಲ್ಲ ಎಂದು ಶಾಂಭವಿಗೆ ಇನ್ನಷ್ಟು ಉರಿಯಿತು. ಶೀಲಾ ಕುಂಟುತ್ತಾ ಹೊರಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಪಿಸುಗುಟ್ಟಿದಳು.

ಮರುದಿನ ಪಂದ್ಯ ಅರ್ಧ ನಿಮಿಷವೂ ನಡೆಯಲಿಲ್ಲ. ಶಾಂಭವಿ ಒಳಹೊಕ್ಕು ತಿರುಗಿದಳು. ಪಂಪಾವತಿ ಅಂಗಾತ ಬಿದ್ದಳು. ರೆಫ್ರಿ ಕೈ ಮೇಲೆತ್ತಿದರು, ಆಟ ಮುಗಿಯಿತು.

ಭಾರವೇ ಇರಲಿಲ್ಲ. ಥೇಟ್ ನಿನ್ನೆಯ ಹಾಗೆಯೇ.

ಗೆದ್ದವಳು ನಗಲಿಲ್ಲ. ಮೈಯೆಲ್ಲ ಬೆಂಕಿಯಾಗಿ ಸೀದಾ ಶೀಲಾ ನಿಂತಲ್ಲಿಗೆ ನಡೆದಳು. “ನಿನ್ನ ತಂಗಿನೂ ಜಿಗಿದ್ಲೇನು? ಅಕ್ಕ ತಂಗಿ ಕೂಡಿ ನನಗ ಭಿಕ್ಷೆ ಹಾಕ್ತೀರೇನು?”

ಶೀಲಾ ಕಣ್ಣೊರೆಸಿಕೊಂಡಳು. ಅವಳ ದನಿಯಲ್ಲೂ ಸಿಟ್ಟೇ ಇತ್ತು.

“ಆಕಿ ಜಿಗಿಲಿಲ್ಲ. ನಿನ್ನ ಪಟ್ಟು ಹೆಂಗ ತಡೀಬೇಕು ಅಂತ ಆಕಿಗೆ ಹೇಳಿಕೊಡಾಕ, ನಿನ್ನೆ ನಲವತ್ತು ಸಲಾನೂ ನಾನು ಬೀಳಬಾರದು ಅಂತನ ನಿಂತಿದ್ದೆ.”