ಎಡಗಾಲು

ಚೆಂಡು ಬೈರಣ್ಣನ ಎಡಗಾಲಿಗೆ ಬಂದಾಗ, ತಿರುಮಲೇಶ ಮೇಷ್ಟ್ರಿಗೆ ತಾವು ಯಾವ ತಂಡದವರೆಂಬುದೇ ಮರೆತುಹೋಯಿತು. ಯಡಿಯೂರು ಕೆರೆ ಪಕ್ಕದ ಬಯಲಿನಲ್ಲಿ ಬರಿಗಾಲಲ್ಲಿ ಆಡಿಸಿ ಅವರೇ ತಿದ್ದಿದ ಹುಡುಗನನ್ನು ದಂಡು ಪ್ರದೇಶದ ದೊಡ್ಡ ಕ್ಲಬ್ಬು ಹೋದ ತಿಂಗಳಷ್ಟೇ ಕರೆದೊಯ್ದಿತ್ತು. ಇಂದು ಅವನು ಮೇಷ್ಟ್ರ ತಂಡದ ವಿರುದ್ಧವೇ ಬೂಟು ಹಾಕಿ ಆಡುತ್ತಿದ್ದ.

"ಎಡಗಾಲಲ್ಲೇ ಹೊಡಿಯೋ, ಬೈರಾ" ಎಂದು ಕೂಗಿಬಿಟ್ಟರು.

ಬೈರಣ್ಣ ಹೊಡೆದ. ಗೋಲಾಯಿತು. ಯಡಿಯೂರಿನ ನಾಯಕ ಜಯಸಿಂಹ ಸೊಂಟದ ಮೇಲೆ ಕೈಯಿಟ್ಟು ತಿರುಗಿದ. "ಸಾರ್, ನೀವು ನಮ್ ಕಡೆಯವ್ರಲ್ವಾ?"

ಮೇಷ್ಟ್ರು ನಾಚಿ ನೆಲ ನೋಡಿದರು. ಅಷ್ಟರಲ್ಲಿ ಬೈರಣ್ಣ, ತಬ್ಬಿಕೊಳ್ಳಲು ಬಂದ ಹೊಸ ಗೆಳೆಯರನ್ನು ದಾಟಿ, ಮೇಷ್ಟ್ರು ನಿಂತಿದ್ದ ಗೆರೆಯ ಹತ್ತಿರ ಓಡಿಬಂದಿದ್ದ.

"ಈ ಸಲ ಸರಿಯಾಯ್ತಾ ಸಾರ್?"

"ಮೈ ಇನ್ನೊಂಚೂರು ಮುಂದಕ್ಕೆ ಬಾಗ್ಬೇಕು ಕಣೋ" ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ.