ಗಿರಣಿ ಮುಂದಿನ ಗಳ

"ಈ ಮೋಟಾರಿಗೆ ಸೀಲು ಹಾಕ್ಲೇಬೇಕಾಗುತ್ತೆ," ಎಂದರು ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರು, ಗಿರಣಿಯೊಳಗೆ ನಿಂತು. ಹಳ್ಳ ದಾಟುವಾಗ ಜಾರಿ ಬಿದ್ದಿದ್ದ ಅವರ ಪ್ಯಾಂಟಿನಿಂದ ಇನ್ನೂ ನೀರು ಇಳಿಯುತ್ತಿತ್ತು. "ನಲವತ್ತೆರಡು ಮನೆಗೆ ಕರೆಂಟ್ ಕೊಡ್ತಿದ್ದೀರಿ. ಲೋಡ್ ಜಾಸ್ತಿಯಾದ್ರೆ ತಡೆಯೋ ಉಪಕರಣ ಎಲ್ಲಿ? ಅದಿಲ್ಲದೆ ಯಾರೂ ಹಂಚೋ ಹಾಗಿಲ್ಲ. ಹೊಸ ನಿಯಮ."

ಸೈಕಲ್ ರಿಪೇರಿಯವನು ಸ್ಪ್ಯಾನರನ್ನು ಒರೆಸುತ್ತಲೇ ನಿಂತ. ಗಿರಣಿಯ ಹಿಂದೆ ಹರಿಯುವ ಹಳ್ಳಕ್ಕೆ ಚಕ್ರ ಕೂರಿಸಿ, ಹಳೇ ಮೋಟಾರು ಜೋಡಿಸಿ, ಅವನು ಊರಿಗೆ ಬೆಳಕು ತಂದು ಹನ್ನೊಂದು ವರ್ಷವಾಗಿತ್ತು. ಸರ್ಕಾರದ ತಂತಿ ಇನ್ನೂ ಗುಡ್ಡದ ಆಚೆಯೇ ಇತ್ತು. ಇವತ್ತು ಚಕ್ರ ನಿಂತರೆ ಮತ್ತೆ ಚಿಮಣಿ ದೀಪವೇ.

"ಉಪಕರಣ ಇಲ್ಲ ಸ್ವಾಮಿ, ಪದ್ಧತಿ ಇದೆ. ಗಿರಣಿ ಓಡ್ಸೋ ಮುಂಚೆ ಈ ಅಕ್ಕ ಹೊರಗಿನ ಗಳಕ್ಕೆ ಕೆಂಪು ಬಟ್ಟೆ ಏರಿಸ್ತಾಳೆ. ಕಂಡ ತಕ್ಷಣ ಎಲ್ಲರೂ ಸ್ವಿಚ್ ಆರಿಸ್ತಾರೆ. ಬಟ್ಟೆ ಇಳಿದ ಮೇಲೇ ಮತ್ತೆ ಹಾಕೋದು."

"ಯಾರಾದ್ರೂ ಆರಿಸದಿದ್ರೆ?"

"ಒಂದೇ ಸಲ ಹಾಗಾಗಿದ್ದು. ನಮ್ಮನೆಯವರೇ," ಎಂದಳು ಗಿರಣಿ ಅಕ್ಕ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ. "ಒಂದು ವಾರ ಊರಲ್ಲಿ ಯಾರೂ ಅವರನ್ನ ಮಾತಾಡಿಸ್ಲಿಲ್ಲ. ನಾನೂ."

ಇನ್ಸ್‌ಪೆಕ್ಟರು ಬಂದ ನಗುವನ್ನು ನುಂಗಿಕೊಂಡರು. ಕೆಟ್ಟ ಮನುಷ್ಯರಲ್ಲ. ಫಾರಮ್ಮಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು: ಬದಲಿ ವ್ಯವಸ್ಥೆಯಿದ್ದಲ್ಲಿ, ಕಣ್ಣಾರೆ ಕಂಡದ್ದನ್ನು ಬರೆಯುವುದು.

"ಈಗ್ಲೇ ಬಟ್ಟೆ ಏರಿಸ್ತೀನಿ, ನೋಡಿ."

"ಬೇಡಮ್ಮ. ನಾನು ಬರೋದು ನಿಮಗೆ ಎರಡು ದಿನದಿಂದ ಗೊತ್ತು. ಹೇಳಿ ಮಾಡಿಸಿದ್ದು ಪರೀಕ್ಷೆ ಹೇಗಾಗುತ್ತೆ?"

ರಿಪೇರಿಯವನಿಗೆ ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಅನ್ನಿಸಿತು.

ಸೀಲಿನ ತಂತಿಗೆಂದು ಇನ್ಸ್‌ಪೆಕ್ಟರು ಚೀಲಕ್ಕೆ ಕೈ ಹಾಕಿದರೆ, ತಲೆ ಒರೆಸಿಕೊಂಡಿದ್ದ ಒದ್ದೆ ಟವೆಲು ಬಂತು. ಅದನ್ನು ಹೊರಗೆ ಒಣಹಾಕಿ ಬಂದು, ತಂತಿಯ ಸಿಕ್ಕು ಬಿಡಿಸುತ್ತ ಕೂತರು.

ಮೊದಲು ನಿಂತದ್ದು ಬಡಗಿಯ ಡ್ರಿಲ್ಲಿನ ಸದ್ದು. ಆಮೇಲೆ ದರ್ಜಿಯ ಹೊಲಿಗೆ ಮೆಷಿನ್ನು. ಕೊನೆಗೆ ಎದುರು ಮನೆಯ ರೇಡಿಯೋ. ಹಳ್ಳದ ಸದ್ದೊಂದೇ ಉಳಿಯಿತು.

"ನೋಡಿದ್ರಾ? ಕೆಟ್ಟೇ ಹೋಯ್ತು," ಎಂದರು ಇನ್ಸ್‌ಪೆಕ್ಟರು.

ರಿಪೇರಿಯವನು ತಲೆ ಎತ್ತಿದ. ಮೇಲಿನ ಬಲ್ಬು ಉರಿಯುತ್ತಲೇ ಇತ್ತು, ಮೊದಲಿಗಿಂತ ಬೆಳ್ಳಗೆ.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಬಾಗಿಲಿಗೇ ಬಂದಳು. "ಏನೇ ಇದು, ಬಟ್ಟೆ ಏರಿಸಿ ಇಷ್ಟು ಹೊತ್ತಾಯ್ತು, ಗಿರಣಿ ಓಡೋ ಸದ್ದೇ ಇಲ್ಲ! ರೇಡಿಯೋ ನಾಟಕ ಅರ್ಧಕ್ಕೆ ಬಿಟ್ಟು ಕೂತಿದ್ದೀನಿ. ಅವಳ ಗಂಡ ವಾಪಸ್ ಬಂದ್ನೋ ಇಲ್ವೋ ಅಂತ ನಂಗೆ ಯಾರು ಹೇಳ್ತಾರೆ?"

"ನಾನೆಲ್ಲಿ ಏರಿಸಿದೆ ಅಜ್ಜಿ?" ಎನ್ನುತ್ತ ಗಿರಣಿ ಅಕ್ಕ ಹೊರಗೆ ಇಣುಕಿದಳು. ಬಾಗಿಲ ಪಕ್ಕದ ಬಿದಿರಿನ ಗಳದ ಮೇಲೆ ಇನ್ಸ್‌ಪೆಕ್ಟರ ಟವೆಲು ನೇತಾಡುತ್ತಿತ್ತು. ಅಚ್ಚ ಕೆಂಪು.

ಇನ್ಸ್‌ಪೆಕ್ಟರು ಬೀದಿಗಿಳಿದು ಬಡಗಿಯ ಅಂಗಡಿಗೆ ಹೋದರು. ಅರ್ಧ ಕೊರೆದ ಹಲಗೆಯ ಮುಂದೆ ಬಡಗಿ ಕೈಕಟ್ಟಿ ಕೂತಿದ್ದ.

"ಯಾಕೆ ನಿಲ್ಸಿದ್ರಿ?"

"ಕಾಣಲ್ವಾ? ಬಟ್ಟೆ ಹಾಕಿದಾರೆ."

ವಾಪಸ್ ಬಂದವರು ಸೀಲಿನ ತಂತಿಯನ್ನು ಸುತ್ತಿ ಚೀಲಕ್ಕೆ ತುರುಕಿದರು. ಫಾರಮ್ಮಿನ ಕೊನೆಯ ಸಾಲಿನಲ್ಲಿ ಬರೆದರು: "ಕೆಂಪು ಬಟ್ಟೆ. ಕಣ್ಣಾರೆ ಕಂಡಿದ್ದೇನೆ." ರುಜು ಹಾಕಿದರು. ರಿಪೇರಿಯವನು ಸ್ಪ್ಯಾನರನ್ನು ಕೊನೆಗೂ ಹಿಟ್ಟಿನ ಮೂಟೆಯ ಮೇಲೆ ಇಟ್ಟ.

"ಟವೆಲು ಒಣಗಿಲ್ಲ ಸ್ವಾಮಿ. ಇನ್ನೂ ಸ್ವಲ್ಪ ಹೊತ್ತು ಇರ್ಲಿ," ಎಂದಳು ಗಿರಣಿ ಅಕ್ಕ.

"ಬೇಡಮ್ಮ, ಊರು ಕಾಯ್ತಿದೆ," ಎಂದು ಇನ್ಸ್‌ಪೆಕ್ಟರು ಅದನ್ನು ಎಳೆದು, ಹಿಂಡಿ, ಹಸಿಹಸಿಯಾಗಿಯೇ ಹೆಗಲಿಗೆ ಹಾಕಿಕೊಂಡು ಹೊರಟರು.

ಹಳ್ಳಕ್ಕೆ ಇಳಿಯುವಷ್ಟರಲ್ಲಿ ಡ್ರಿಲ್ಲು ಮೊರೆಯಿತು, ಹೊಲಿಗೆ ಮೆಷಿನ್ನು ಓಡಿತು. ಅದರ ಹಿಂದೆಯೇ ಅಜ್ಜಿಯ ಕೂಗು ಊರಿಗೆಲ್ಲ ಕೇಳಿಸಿತು: "ಬಂದಿದಾನೆ ಕಣೇ, ಅವಳ ಗಂಡ ಬಂದಿದಾನೆ!"